ಮೇಲಿನ ಗರಿ

ಮುರೊಗಾ ಎಂಬ ಹೆಸರು ಕಿವಿಗೆ ಬಿದ್ದಾಗ ಕೋಕಿಚಿ ಶಾಯಿ ತೇಯುತ್ತಿದ್ದ. ಶಾಯಿಯ ಕಡ್ಡಿಯನ್ನು ಒತ್ತದೆ, ಅದರ ಭಾರಕ್ಕೇ ಬಿಟ್ಟು, ಕಲ್ಲಿನ ಮೇಲೆ ಸುತ್ತಿಸುವುದು. ಅರವತ್ತೊಂಬತ್ತರ ಈ ಕೈ ಇನ್ನೂ ಅನುಮಾನವಿಲ್ಲದೆ ಮಾಡುವ ಕೆಲಸ ಅದೊಂದೇ. ಅವನು ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬಾಗಿಲಲ್ಲಿ ನಿಂತ ಹೆಂಗಸಿಗೆ ಏನೋ ತಿಳಿದುಬಿಡುತ್ತದೆ ಎನ್ನಿಸಿತು. ಐವತ್ತರ ಹೆಂಗಸು, ಬೂದು ಕೋಟು, ಎದೆಗೆ ಒತ್ತಿ ಹಿಡಿದ ಉದ್ದನೆಯ ಕಾಗದದ ಪೊಟ್ಟಣ. ಆ ಹೆಸರನ್ನು ಯಾರಾದರೂ ಒಂದು ದಿನ ಈ ಹೊಸ್ತಿಲಿಗೆ ತರುತ್ತಾರೆ ಎಂದು ನಲವತ್ತೊಂದು ವರ್ಷ ಕಾದಿದ್ದ. ಕಾದು ಕಾದು, ಕಾಯುತ್ತಿದ್ದೇನೆ ಎನ್ನುವುದೇ ಮರೆಯುವಷ್ಟು ದಣಿದಿದ್ದ. ಈಗ ಬಂದಾಗ ಅವನಿಗೆ ಮೊದಲು ಆದದ್ದು ಭಯವಲ್ಲ, ಬೇಸರ. ಇವತ್ತೇ ಬರಬೇಕಿತ್ತೇ, ಇವತ್ತು ಬೆಳಿಗ್ಗೆಯಿಂದ ಸೊಂಟ ಬೇರೆ ನೋಯುತ್ತಿದೆ ಎಂದುಕೊಂಡ.

“ಮುರೊಗಾ ನನ್ನ ಹುಟ್ಟಿದ ಮನೆ ಹೆಸರು. ನಾನೀಗ ಮಿಜುಶಿಮಾ, ಮಿಜುಶಿಮಾ ಸಾಚಿಯೊ,” ಎಂದು ಅವಳು ಕೋಟು ಕಳಚದೆಯೇ ಜಗಲಿಯ ಅಂಚಿಗೆ ಕೂತಳು. “ಬಟ್ಟೆ ಸುತ್ತಿದ್ದ ಕಾಗದದ ಮೇಲೆ ನಿಮ್ಮ ಅಂಗಡಿ ಮೊಹರು ಇತ್ತು. ಅಂಗಡಿ ಇನ್ನೂ ಇರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ.”

“ನಾವೂ ಅಂದ್ಕೊಂಡಿರ್ಲಿಲ್ಲಮ್ಮ,” ಎಂದಳು ಒಳಗಿನಿಂದ ಚಹಾ ತಂದ ಕೋಕಿಚಿಯ ಹೆಂಡತಿ ತೊಮಿಕೊ. “ಬೀದೀಲಿ ಹನ್ನೊಂದು ಜನ ಇದ್ರು, ಬಟ್ಟೆಗೆ ಮನೆಗುರುತು ಬರೆಯೋ ಈ ಕೆಲಸಕ್ಕೆ. ಈಗ ಇವರೊಬ್ಬರೇ. ಕೈ ಚೆನ್ನಾಗಿದೆ ಅಂತಲ್ಲ, ಬೇರೆ ಏನೂ ಬರಲ್ಲ ಅಂತ.”

ಸಾಚಿಯೊ ನಕ್ಕಳು, ನಕ್ಕಿದ್ದು ತಪ್ಪಾಯಿತೇನೋ ಎಂಬಂತೆ ತಕ್ಷಣ ಬಾಯಿ ಮುಚ್ಚಿಕೊಂಡಳು. “ಅಮ್ಮ ಹೋಗಿ ಒಂದೂವರೆ ತಿಂಗಳಾಯ್ತು. ನಾಳೆ ನಲವತ್ತೊಂಬತ್ತನೇ ದಿನ. ಅಸ್ಥಿಯನ್ನ ದೊಡ್ಡಮನೆಯವರ ಸಮಾಧೀಲಿ ಇಡೋಕೆ ಒಪ್ಪಿದ್ದಾರೆ, ಅಪ್ಪನ ಪಕ್ಕ. ಒಪ್ಪಿಸೋಕೆ ನನಗೆ ಸಾಕುಸಾಕಾಯ್ತು. ಅಮ್ಮನ ಈ ಕಪ್ಪು ಕಿಮೊನೊ ಉಟ್ಕೊಂಡೇ ಹೋಗಬೇಕು ಅಂತಿದ್ದೀನಿ. ಆದ್ರೆ ಇದರಲ್ಲಿರೋ ಮನೆಗುರುತು ತಪ್ಪು.”

“ತಪ್ಪು,” ಎಂದ ಕೋಕಿಚಿ. ಅದು ಪ್ರಶ್ನೆಯೋ ಒಪ್ಪಿಗೆಯೋ ಅವನಿಗೇ ತಿಳಿಯಲಿಲ್ಲ.

“ವೃತ್ತದೊಳಗೆ ಎರಡು ಗಿಡುಗನ ಗರಿ, ಒಂದರ ಮೇಲೊಂದು. ನಮ್ಮ ದೊಡ್ಡಮನೇಲಿ ಎಡಗಡೆ ಗರಿ ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದ್ರೆ ಅದು ಹೊಳೆ ಆಚೆ ಮುರೊಗಾಗಳದ್ದು. ಅವರಿಗೂ ನಮ್ಮೋರಿಗೂ ನಾಲ್ಕು ತಲೆಮಾರಿಂದ ಮಾತಿಲ್ಲ. ಅಮ್ಮ ಗುರುತನ್ನ ತಿರುಗಿಸಿ ಬರೆದುಕೊಟ್ಟುಬಿಟ್ಟಿದ್ರಂತೆ. ಅಪ್ಪನ ಶವದ ಮುಂದೇನೇ ಅದನ್ನ ಉಟ್ಕೊಂಡು ಕೂತಿದ್ರು. ನಾನು ಒಂಬತ್ತು ವರ್ಷದೋಳು, ಏನಾಗ್ತಿದೆ ಅಂತ ತಿಳೀಲಿಲ್ಲ. ನನ್ನ ಸೋದರತ್ತೆ ಎಲ್ಲರ ಮುಂದೆ ಅಂದ್ರಂತೆ, ಗಂಡ ಇನ್ನೂ ಮನೆ ಬಿಟ್ಟಿಲ್ಲ, ಇವಳು ಆಗಲೇ ವೈರಿ ಮನೆಗೆ ಹೊರಟಿದ್ದಾಳೆ ಅಂತ. ಆಮೇಲೆ ನಮ್ಮನ್ನ ಯಾವುದಕ್ಕೂ ಕರೀಲಿಲ್ಲ.” ಅವಳು ಚಹಾದ ಬಟ್ಟಲನ್ನು ಎತ್ತಿ, ಕುಡಿಯದೆ ಇಟ್ಟಳು. “ನಾಳೆ ಅಲ್ಲಿ ಅಮ್ಮನ ಪರವಾಗಿ ನಾನು ಬಗ್ಗಿ ಕ್ಷಮೆ ಕೇಳ್ತೀನಿ ಅಂತ ಒಪ್ಕೊಂಡಿದ್ದೀನಿ. ತಪ್ಪಾದ ಗುರುತು ಉಟ್ಕೊಂಡು ಹೇಗೆ ಕೇಳಲಿ? ಇವತ್ತು ಸಂಜೆಗೆ ಆಗುತ್ತಾ?”

ಆಗಲ್ಲ ಎನ್ನಬಹುದಿತ್ತು. ರೇಷ್ಮೆ ಹಳೆಯದು, ಶಾಯಿ ತೆಗೆದರೆ ನೂಲು ಬಿಡುತ್ತದೆ, ಬೇರೆಯವರನ್ನು ನೋಡಿ. ಬೇರೆಯವರು ಯಾರೂ ಇಲ್ಲ ಎಂದು ತೊಮಿಕೊ ಈಗಷ್ಟೇ ಹೇಳಿದ್ದಳು. “ಐದು ಗಂಟೆಗೆ ಬನ್ನಿ,” ಎಂದ. ಅವಳು ಎದ್ದು ಬಗ್ಗಿ, “ನಿಮಗೆ ತೊಂದರೆ ಕೊಡ್ತಿದ್ದೀನಿ,” ಎಂದಳು. ಆ ದನಿಯಲ್ಲ, ಆ ಬಗ್ಗುವ ರೀತಿ ಅವನಿಗೆ ಗೊತ್ತಿತ್ತು. ಕತ್ತು ಮೊದಲು, ಆಮೇಲೆ ಬೆನ್ನು.

ಅವಳು ಹೋದ ಮೇಲೆ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಅದರ ದಾರ ಬಿಚ್ಚಲಿಲ್ಲ. ಎದುರು ಗೋಡೆಯ ಮೇಲೆ ಅಪ್ಪನ ಬಿದಿರಿನ ಕೈವಾರ ಮೊಳೆಗೆ ತೂಗಿತ್ತು. ಅದರ ಒಂದು ಕಾಲಿಗೆ ಕುಂಚ ಕಟ್ಟಿ ಅಪ್ಪ ಬೆರಳುಗುರಿನಷ್ಟು ವೃತ್ತವನ್ನು ಒಂದೇ ಉಸಿರಿಗೆ ಸುತ್ತುತ್ತಿದ್ದ. ನಲವತ್ತೊಂದು ವರ್ಷದ ಹಿಂದಿನ ಆ ತಿಂಗಳಲ್ಲಿ, ಕೋಕಿಚಿಗೆ ಇಪ್ಪತ್ತೆಂಟಾದಾಗ, ಅಪ್ಪ ಅದನ್ನು ಅವನ ಕೈಗೆ ಕೊಡುವುದಾಗಿ ಬೀದಿಯವರಿಗೆಲ್ಲ ಹೇಳಿ ಆಗಿತ್ತು. ಕೊಡುವ ದಿನಕ್ಕೆ ಇನ್ನು ಹತ್ತು ದಿನವೂ ಇರಲಿಲ್ಲ. ಆಗಲೇ ಆ ವಿಧವೆ ಬಂದದ್ದು. ನಲವತ್ತರ ಹೆಂಗಸು, ಸಾಚಿಯೊಳ ತಾಯಿ ಹಿಸಾನೊ. ಗಂಡ ಬೆಳಿಗ್ಗೆ ಹೋಗಿದ್ದ, ನಾಳೆ ಮಧ್ಯಾಹ್ನ ದಹನ. ಕಪ್ಪು ಬಟ್ಟೆ ಸಿದ್ಧವಿತ್ತು, ಬೆನ್ನಿಗೊಂದು, ತೋಳುಗಳ ಹಿಂದೆ ಎರಡು, ಎದೆಗೆ ಎರಡು, ಹೀಗೆ ಐದು ಬಿಳಿ ಬೊಟ್ಟುಗಳು ಖಾಲಿ ಬಿಟ್ಟದ್ದು. ಯಾರ ಮನೆಯ ಗುರುತಾದರೂ ಆಗಬಲ್ಲ ಐದು ಬೊಟ್ಟುಗಳು. ಆಕೆ ತೆಳು ಕಾಗದದ ಮೇಲೆ ಮನೆಗುರುತನ್ನು ತಾನೇ ಬರೆದು ತಂದಿದ್ದಳು, ಕುಂಚದಲ್ಲಿ, ಮೂಲೆಯಲ್ಲಿ ತನ್ನ ಹೆಸರು. ಎಡಗರಿ ಮೇಲೆ. ಸರಿಯಾಗಿಯೇ ಇತ್ತು. ಕೋಕಿಚಿ ಅದನ್ನು ನೋಡಿ ದಪ್ಪ ಕಾಗದದಲ್ಲಿ ಅಚ್ಚು ಕತ್ತರಿಸಿದ, ಮಧ್ಯಾಹ್ನ ಊಟ ಬಿಟ್ಟ, ಅಚ್ಚನ್ನು ಬಟ್ಟೆಯ ಮೇಲಿಟ್ಟ. ಅಚ್ಚಿಗೆ ಎರಡು ಮುಖ, ಎರಡೂ ಒಂದೇ ಥರ. ಅವನು ಇಟ್ಟದ್ದು ಮಗುಚಿದ ಮುಖ. ಐದೂ ಬೊಟ್ಟುಗಳಲ್ಲಿ ಬಲಗರಿ ಮೇಲೆ ಬಂತು. ಅದೂ ಎಷ್ಟು ಸೊಗಸಾಗಿ ಬಂತೆಂದರೆ ಅವನು ಅದನ್ನು ದೂರ ಹಿಡಿದು ನೋಡಿ ಖುಷಿಪಟ್ಟಿದ್ದ.

ಎಂಟನೇ ದಿನ ಆಕೆ ಬಟ್ಟೆ ಹಿಡಿದು ಬಂದಳು. ಸಿಟ್ಟಿರಲಿಲ್ಲ. ಆಕೆ ಕೇಳಿದ್ದು ಒಂದೇ: “ನಾನು ಬರೆದುಕೊಟ್ಟಿದ್ದು ಹೀಗಿತ್ತಾ?” ಒಳಗಿನ ಚಾಪೆಯ ಮೇಲೆ ಅಪ್ಪ ಕನ್ನಡಕ ತೆಗೆದು ಈ ಕಡೆ ತಿರುಗಿದ. ಕೋಕಿಚಿ ಡಬ್ಬಿಯಿಂದ ಆಕೆಯ ಕಾಗದ ತೆಗೆದ. ತೆಳು ಕಾಗದ, ಶಾಯಿ ಹಿಂಬದಿಗೂ ಇಳಿದು ಎರಡು ಕಡೆಯೂ ಅಷ್ಟೇ ಕಪ್ಪಾಗಿ ಕಾಣುತ್ತಿತ್ತು. ತೆಗೆದಾಗ ಅದು ಸರಿಯಾದ ಮುಖದಲ್ಲೇ ಇತ್ತು. ಅವನು ಅದನ್ನು ತಿರುಗಿಸಿದ. ಈ ತಿರುಗಿಸಿದ್ದನ್ನು ಅವನು ಸಾವಿರ ಸಲ ನೆನೆದಿದ್ದಾನೆ. ಪ್ರತಿ ಸಲವೂ ಕೈ ತಾನಾಗಿ ತಿರುಗಿತು ಎಂದು ಹೇಳಿಕೊಳ್ಳಲು ನೋಡಿದ್ದಾನೆ, ಹೇಳಿಕೊಳ್ಳಲಾಗಿಲ್ಲ. ಯಾಕೆಂದರೆ ಹಿಂಬದಿಯಿಂದ ಹೆಸರು ತಿರುಗುಮುರುಗಾಗಿ ಕಾಣುತ್ತಿತ್ತು, ಅದರ ಮೇಲೆ ಅವನು ಸರಿಯಾಗಿ ಹೆಬ್ಬೆರಳಿಟ್ಟಿದ್ದ. ತಾನಾಗಿ ತಿರುಗಿದ ಕೈ ಹೆಸರನ್ನು ಮುಚ್ಚುವುದಿಲ್ಲ. “ನೋಡಿ ಅಮ್ಮಾ, ನೀವು ಕೊಟ್ಟದ್ದೇ ಹೀಗೆ,” ಎಂದ. ಆಕೆ ನೋಡಿದಳು. ಕಾಗದವನ್ನು, ಆಮೇಲೆ ಹೆಬ್ಬೆರಳನ್ನು, ಆಮೇಲೆ ಅವನ ಮುಖವನ್ನು, ಅಥವಾ ಈ ಅನುಕ್ರಮವನ್ನು ಆಮೇಲಿನ ವರ್ಷಗಳಲ್ಲಿ ಅವನೇ ಕಟ್ಟಿಕೊಂಡಿರಬೇಕು. “ಹಾಗಾದ್ರೆ ತಪ್ಪು ನಂದೇ. ತೊಂದರೆ ಕೊಟ್ಟೆ, ಕ್ಷಮಿಸಿ,” ಎಂದು ಬಗ್ಗಿದಳು. ಕತ್ತು ಮೊದಲು, ಆಮೇಲೆ ಬೆನ್ನು. ಹೋಗುವಾಗ, “ಈ ಕಾಗದ ನಾನು ತಗೊಂಡು ಹೋಗ್ಲಾ?” ಎಂದು ಕೇಳಿದಳು. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ತಿದ್ದಿಕೊಡಲೇ ಎಂದು ಕೂಡ ಅವನು ಕೇಳಲಿಲ್ಲ. ಆ ದಿನ ಊಟದ ಹೊತ್ತಿಗೆ ಅಪ್ಪ ಹೇಳಿದ್ದು ಇಷ್ಟೇ: “ಲೋ, ಅಚ್ಚಿನ ಮುಖ ನೋಡಿ ಇಡೋದು ಕಲಿ.” ಎರಡು ದಿನದ ಮೇಲೆ ಕೈವಾರ ಕೊಟ್ಟ. ಕೊಡುವಾಗ ಕಣ್ಣೆತ್ತಿ ನೋಡಲಿಲ್ಲ. ಅಪ್ಪ ಆಕೆಯನ್ನು ಕರೆದು ನಿಜ ಹೇಳಬಹುದಿತ್ತು. ಮಗನ ಮರ್ಯಾದೆಗೋ ಅಂಗಡಿಯ ಮರ್ಯಾದೆಗೋ ಸುಮ್ಮನಾದ. ಇಬ್ಬರೂ ಸೇರಿ ಒಬ್ಬ ವಿಧವೆಯಿಂದ ಕ್ಷಮೆ ಕೇಳಿಸಿಕೊಂಡಿದ್ದರು.

“ರೀ, ಶಾವಿಗೆ ಆರಿಹೋಗ್ತಿದೆ,” ಎಂದು ತೊಮಿಕೊ ಕರೆದಳು. ಅವನು ಬಟ್ಟಲಿನ ಮುಂದೆ ಕೂತ. ಟಿ.ವಿ.ಯಲ್ಲಿ ಯಾರೋ ನಗುತ್ತಿದ್ದರು. ತೊಮಿಕೊ ಸಾರು ಸುರಿಯುತ್ತ, “ದೊಡ್ಡಮನೆ ಅಂತೆ, ಹೊಳೆ ಆಚೆ ಅಂತೆ. ಒಂದು ಗರಿ ಎಡಕ್ಕೆ ಬಂದ್ರೇನು, ಬಲಕ್ಕೆ ಬಂದ್ರೇನು. ಜಗಳ ಆಡೋಕೆ ಪುಕ್ಕ ಕೂಡ ಸಾಕು ನೋಡಿ ಜನಕ್ಕೆ,” ಎಂದಳು. ಅವನು ಶಾವಿಗೆಯನ್ನು ಕೆದಕಿದ. “ನಮ್ಮದು ಯಾವುದು ಗುರುತು? ಸಮಾಧಿ ಮೇಲಿದೆಯಲ್ಲ, ಮೂರು ಪಟ್ಟಿ. ಅದು ಯಾವ ರಾಜ ಕೊಟ್ಟದ್ದು?” ಎಂದು ಕೆಣಕಿದಳು. ಅವಳಿಗೆ ಗೊತ್ತಿತ್ತು, ಮದುವೆಯಾದ ವರ್ಷವೇ ಕೇಳಿ ನಕ್ಕಿದ್ದಳು. ಅವರ ಮಿಯಾಮಾ ಎಂಬ ಹೆಸರು ಮುತ್ತಜ್ಜ ಆರಿಸಿದ್ದು ಕೂಡ ಅಲ್ಲ. ಎಲ್ಲರೂ ಒಂದು ಮನೆತನದ ಹೆಸರು ಇಟ್ಟುಕೊಳ್ಳಲೇಬೇಕು ಎಂದು ಸರ್ಕಾರದ ಅಪ್ಪಣೆ ಬಂದಾಗ ಬಟ್ಟೆಗೆ ಬಣ್ಣ ಹಾಕುವವರ ಮನೆಯ ಕೂಲಿಯಾಗಿದ್ದ ಮುತ್ತಜ್ಜ ಬಾಯಿ ಬಿಡದೆ ನಿಂತಿದ್ದನಂತೆ, ಗುಮಾಸ್ತ ಕಿಟಕಿಯಾಚೆ ಕಂಡ ಬೆಟ್ಟವನ್ನು ನೋಡಿ, ಬೆಟ್ಟ ಎಂಬ ಅರ್ಥದ ಆ ಹೆಸರನ್ನು ಬರೆದುಕೊಂಡನಂತೆ. ಗುರುತನ್ನು ಅಪ್ಪ ಆರಿಸಿದ್ದು, ಸಮಾಧಿಯ ಕಲ್ಲು ಕೆತ್ತುವವನು ಬಂದು ಕೇಳಿದಾಗ, ಮಾದರಿಗಳ ಪುಸ್ತಕದಿಂದ. “ಬರೆಯೋಕೆ ಸುಲಭವಾದದ್ದು ಹಾಕಪ್ಪ,” ಎಂದಿದ್ದ. ಇಂಥವನ ಮಗ ಜೀವನವಿಡೀ ಬೇರೆಯವರ ಮನೆತನಗಳನ್ನು ಬಟ್ಟೆಗೆ ಇಳಿಸಿದ. ಬಂದವರು ಕೇಳುತ್ತಿದ್ದರು, ನಮ್ಮ ಮೂಲ ಯಾವುದು, ಗುರುತಿನ ಈ ಹೂವು ನಮಗೆ ಹೇಗೆ ಬಂತು ಎಂದು. ನಿಮ್ಮ ಸಮಾಧಿಯ ಕಲ್ಲು ನೋಡಿ ಬನ್ನಿ ಎನ್ನುತ್ತಿದ್ದ. ಆ ಕಲ್ಲನ್ನು ಕೆತ್ತಿದವನಿಗೆ ಮಾದರಿ ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನ ಕಸುಬು ಉಳಿಯುತ್ತಿರಲಿಲ್ಲ.

“ಶಾವಿಗೆ ಯಾಕ್ರೀ ಸೇರ್ತಿಲ್ಲ?”

“ವಯಸ್ಸಾಯ್ತಲ್ಲ.”

“ನಿನ್ನೆ ಇರ್ಲಿಲ್ವಲ್ಲ ಈ ವಯಸ್ಸು,” ಎಂದು ತೊಮಿಕೊ ಅವನನ್ನು ದಿಟ್ಟಿಸಿದಳು. ಅವಳಿಗೂ ಅವನು ಹೇಳಿರಲಿಲ್ಲ. ಹೇಳಿದ್ದರೆ ಅವಳು ಮಾರನೇ ಬೆಳಿಗ್ಗೆಯೇ ಅವನ ಕೈ ಹಿಡಿದು ಆ ವಿಧವೆಯ ಮನೆಗೆ ಎಳೆದುಕೊಂಡು ಹೋಗುತ್ತಿದ್ದಳು ಎಂದು ಗೊತ್ತಿತ್ತು, ಅದಕ್ಕೇ ಹೇಳಿರಲಿಲ್ಲ.

ಮಧ್ಯಾಹ್ನದ ಬೆಳಕಿನಲ್ಲಿ ದಾರ ಬಿಚ್ಚಿದ. ರೇಷ್ಮೆ ಇನ್ನೂ ಕಪ್ಪಾಗಿತ್ತು, ಮಡಿಕೆಯ ಗೆರೆಯಲ್ಲಿ ಮಾತ್ರ ಸ್ವಲ್ಪ ಕೆಂಪಡರಿತ್ತು. ಆಕೆ ಇದನ್ನು ಒಂದೇ ಸಲ ಉಟ್ಟಿರಬೇಕು. ಐದು ಬೊಟ್ಟುಗಳಲ್ಲಿ ತನ್ನ ಇಪ್ಪತ್ತೆಂಟರ ಕೈ. ಈಗ ಇಂಥ ಗೆರೆ ಬರುವುದಿಲ್ಲ ಎಂದು ಹೊಟ್ಟೆಕಿಚ್ಚಾಯಿತು, ಆ ಹೊಟ್ಟೆಕಿಚ್ಚಿಗೆ ನಾಚಿಕೆಯೂ ಆಯಿತು. ತಿದ್ದಬೇಕಾದದ್ದು ಬಹಳವೇನಿಲ್ಲ. ಎರಡು ಗರಿಗಳು ಒಂದನ್ನೊಂದು ದಾಟುವಲ್ಲಿ ಯಾವುದರ ಗೆರೆ ಮುಂದುವರಿಯುತ್ತದೆ, ಯಾವುದರದು ಕಡಿಯುತ್ತದೆ, ಅಷ್ಟೇ. ಒಂದು ಅಕ್ಕಿಕಾಳಿನಷ್ಟು ಜಾಗ. ಔಷಧಿ ನೀರಿನಲ್ಲಿ ಅದ್ದಿದ ಕುಂಚದಿಂದ ಹಳೆಯ ಶಾಯಿ ಎಬ್ಬಿಸಿ, ಬಟ್ಟೆ ಒತ್ತಿ ಹೀರಿಸಿ, ಒಣಗಿಸಿ, ಹೊಸ ಗೆರೆ ಎಳೆಯುವುದು. ಎದೆಯ ಎರಡು, ತೋಳಿನ ಎರಡು ಮುಗಿಯುವಾಗ ಮೂರೂವರೆಯಾಯಿತು. ಇಷ್ಟು ಸುಲಭವಿತ್ತು. ಅಂದೇ ಆಕೆ ಕೂತಿರುವಾಗಲೇ ಮಾಡಿಕೊಡಬಹುದಿತ್ತು.

ಬೆನ್ನಿನ ಗುರುತಿಗೆ ಬಟ್ಟೆ ಮಗುಚಿ ಹಾಸಲೆಂದು ಹೊದಿಕೆಯ ಕಾಗದವನ್ನು ಪಕ್ಕಕ್ಕೆ ಸರಿಸಿದಾಗ ಅದರ ಎರಡು ಪದರದ ನಡುವಿನಿಂದ ಆ ತೆಳು ಕಾಗದ ಜಾರಿತು. ಅದನ್ನು ಮಡಚಿರಲಿಲ್ಲ, ಚಪ್ಪಟೆಯಾಗಿ ಇಟ್ಟಿದ್ದಳು. ಎಡಗರಿ ಮೇಲೆ. ಮೂಲೆಯಲ್ಲಿ ಮುರೊಗಾ ಹಿಸಾನೊ. ಹೆಸರಿನ ಹಿಂದೆ ನೆರಳಿನ ಹಾಗೆ ಏನೋ ಕಂಡಿತು. ಕಾಗದ ತಿರುಗಿಸಿದ. ಹಿಂಬದಿಯಲ್ಲಿ, ಹೆಸರಿನ ಮೇಲೆಯೇ, ಶಾಯಿ ಮೆತ್ತಿದ ಹೆಬ್ಬೆರಳಿನ ಗುರುತು. ಸುರುಳಿ ಸುರುಳಿ ಗೆರೆಗಳೂ ಎಣಿಸುವಷ್ಟು ಸ್ಪಷ್ಟ. ಶಾಯಿಯವನ ಕೈ; ಅಷ್ಟು ವರ್ಷ ನೆನೆದರೂ ಇದೊಂದು ಅವನಿಗೆ ಹೊಳೆದಿರಲಿಲ್ಲ. ಈ ಕಾಗದವನ್ನು ಒಂದು ಸಲ ನೋಡಿದವರಿಗೆ ಯಾವ ಮುಖ ಹಿಡಿದು ತೋರಿಸಿದ್ದ, ಏನನ್ನು ಮುಚ್ಚಿದ್ದ, ಎಲ್ಲವೂ ತಿಳಿಯುತ್ತದೆ. ಆಕೆ ನೋಡಿದ್ದಳು. ಮನೆಗೆ ಹೋಗಿ ನೋಡಿದಳೋ, ಇಲ್ಲಿಯೇ ಬಗ್ಗುವ ಮುಂಚೆಯೇ ನೋಡಿದ್ದಳೋ. ಕೋಕಿಚಿ ಕಾಗದವನ್ನು ಕೆಳಗಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಳು ಬರುತ್ತದೇನೋ ಎಂದು ಕಾದ, ಬರಲಿಲ್ಲ. ಬಂದದ್ದು ಆಯಾಸ, ಇಷ್ಟು ದಿನ ಒಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ ಮೂಟೆಯ ಇನ್ನೊಂದು ತುದಿಯನ್ನು ಆಕೆ ಹಿಡಿದಿದ್ದಳು ಎಂದು ತಿಳಿದವನ ಆಯಾಸ. ಕಾಗದವನ್ನು ಒಲೆಗೆ ಹಾಕಬಹುದು ಎನ್ನುವುದೂ ಹೊಳೆಯಿತು. ಹೊಳೆಯಲಿಲ್ಲ ಎಂದು ಹೇಳಿ ಪ್ರಯೋಜನವಿಲ್ಲ, ಹೊಳೆಯಿತು. ಒಲೆಯ ಕಡೆ ನೋಡಿದ ಕೂಡ.

ಐದಕ್ಕೆ ಸಾಚಿಯೊ ಬಂದಳು. ಎದೆಯ ಗುರುತುಗಳನ್ನು ಕಿಟಕಿಗೆ ಹಿಡಿದು ನೋಡಿ, “ಎಷ್ಟು ಚೆನ್ನಾಗಿದೆ. ಮೊದಲಿಂದಲೂ ಹೀಗೇ ಇತ್ತು ಅನ್ನೋ ಹಾಗಿದೆ,” ಎಂದಳು. “ನಾನು ಅಮ್ಮನ್ನ ಬೈತಿದ್ದೆ ಯಜಮಾನ್ರೇ. ಹಿರಿಯರ ಹಬ್ಬಕ್ಕೆ ಎಲ್ಲರೂ ಸಮಾಧಿಗೆ ಹೋದ್ರೆ ನಾವು ಮಾರನೇ ದಿನ ಹೋಗ್ತಿದ್ವಿ. ಅವರು ಹೂಕುಂಡ ತುಂಬಿಸಿಟ್ಟಿರೋರು. ನಮ್ಮ ಹೂವಿಗೆ ಜಾಗ ಇರ್ತಿರ್ಲಿಲ್ಲ, ಅಮ್ಮ ಸಂದೀಲಿ ತುರುಕೋರು. ನಿಂದೇ ಮರೆವಿನಿಂದ ಹೀಗೆಲ್ಲ ಆಯ್ತು ಅಂತ ನಾನು ಅಂದ್ರೆ ಸುಮ್ಮನಿರೋರು. ಒಂದು ದಿನಾನೂ ತಿರುಗಿ ಮಾತಾಡ್ಲಿಲ್ಲ.”

ಇದಾದ ಮೇಲೆ ಸುಮ್ಮನಿರಲಾಗಲಿಲ್ಲ. ಧೈರ್ಯ ಬಂದದ್ದರಿಂದಲ್ಲ, ಆ ಸಂದಿಯಲ್ಲಿ ತುರುಕಿದ ಹೂವನ್ನು ಇನ್ನೊಂದು ನಿಮಿಷ ನೋಡುತ್ತ ಕೂರುವ ಶಕ್ತಿ ಇರಲಿಲ್ಲ. ಕೋಕಿಚಿ ಕಾಗದವನ್ನು ಅವಳ ಮುಂದಿಟ್ಟ, ಸರಿಯಾದ ಮುಖ ಮೇಲೆ ಮಾಡಿ. “ನಿಮ್ಮ ತಾಯಿ ಸರಿಯಾಗೇ ಬರೆದುಕೊಟ್ಟಿದ್ರು ಅಮ್ಮಾ. ಅಚ್ಚು ಮಗುಚಿ ಹಾಕಿದ್ದು ನಾನು. ಕೇಳೋಕೆ ಬಂದಾಗ ಈ ಕಾಗದಾನ ತಿರುಗಿಸಿ ಹಿಡಿದು, ಹೆಸರ ಮೇಲೆ ಬೆರಳಿಟ್ಟು, ತಪ್ಪು ನಿಮ್ಮದೇ ಅಂತ ಅಂದೆ. ಅವರು ನನ್ನ ಹತ್ರ ಕ್ಷಮೆ ಕೇಳಿದ್ರು.” ಹೇಳಿ ಮುಗಿಸಲು ಹಿಡಿದದ್ದು ಅರ್ಧ ನಿಮಿಷ. ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು. ತೊಮಿಕೊ ಕೇಳುತ್ತಿದ್ದಾಳೆ ಎಂದು ತಿಳಿಯಿತು.

ಸಾಚಿಯೊ ಕಾಗದ ಎತ್ತಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು. ಬೆರಳ ಗುರುತಿನ ಮೇಲೆ ತನ್ನ ಬೆರಳು ಇಡಲು ಹೋಗಿ ಇಡಲಿಲ್ಲ. “ಇದು ಬಟ್ಟೆ ಜೊತೇಲಿತ್ತಾ?”

“ಪದರದೊಳಗಿತ್ತು.”

“ಅಮ್ಮ ಜಗಳಕ್ಕೆ ನಿಲ್ಲೋರಲ್ಲ,” ಎಂದಳು ನಿಧಾನವಾಗಿ. “ಆದ್ರೆ ಏನನ್ನೂ ಎಸೆಯೋರೂ ಅಲ್ಲ.” ಅವಳ ಮುಖ ಕೆಂಪಾಗಿತ್ತು. ಬಯ್ಯುತ್ತಾಳೆ ಎಂದು ಕೋಕಿಚಿ ತಲೆ ತಗ್ಗಿಸಿ ಕಾದ. ಬೈದರೆ ಒಳ್ಳೆಯದು, ಬೈದು ಮನೆಗೆ ಹೋಗಲಿ. ಅವಳು ಬಯ್ಯಲಿಲ್ಲ. “ನಾನು ಬೈದಿದ್ದನ್ನೆಲ್ಲ ಈಗ ಎಲ್ಲಿ ವಾಪಸ್ ತಗೊಳ್ಳಲಿ, ಹೇಳಿ,” ಎಂದಳು. ಆಮೇಲೆ ಕಿಮೊನೊ ಮಗುಚಿ ಬೆನ್ನು ನೋಡಿದಳು. “ಇದೊಂದು ಉಳಿದಿದೆ.”

“ಹತ್ತು ನಿಮಿಷ ಕೂತ್ರೆ ಮಾಡಿಕೊಡ್ತೀನಿ.”

“ಬೇಡ. ಇದು ಹೀಗೇ ಇರಲಿ. ಅವರು ಮಾತಾಡೋದು ಹೇಗೂ ಬೆನ್ನ ಹಿಂದೇನೇ ತಾನೆ.” ಅವಳು ತಾನೇ ಮಡಚಿದಳು, ಕಾಗದವನ್ನು ಪದರದೊಳಗೆ ಇಟ್ಟಳು. ಬಾಗಿಲಲ್ಲಿ ನಿಂತು, ಬಗ್ಗದೆ, ಹೇಳಿದಳು: “ನಾಳೆ ಹನ್ನೊಂದಕ್ಕೆ ಬೆಟ್ಟದ ಕೆಳಗಿನ ದೇವಾಲಯ. ನಾನು ಯಾರ ಮುಂದೇನೂ ಕ್ಷಮೆ ಕೇಳಲ್ಲ. ನೀವು ಬನ್ನಿ.”

ತೊಮಿಕೊ ಹೊರಗೆ ಬಂದು ಬೆಳಿಗ್ಗೆ ಅವಳು ಕುಡಿಯದೆ ಬಿಟ್ಟಿದ್ದ ಚಹಾದ ಬಟ್ಟಲು ಎತ್ತಿಕೊಂಡಳು. ಏನಾದರೂ ಹೇಳುತ್ತಾಳೆಂದು ಅವನು ನೋಡಿದ. “ಕಪ್ಪು ಸೂಟು ಬಿಸಿಲಿಗೆ ಹಾಕಿಲ್ಲ, ಕರ್ಪೂರದ ವಾಸನೆ ಬರುತ್ತೆ. ಹಾಗೇ ಹಾಕ್ಕೊಂಡು ಹೋಗಿ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಭಾನುವಾರ ಬಸ್ಸಿನಲ್ಲಿ ಅವನು ಮಾತುಗಳನ್ನು ಜೋಡಿಸಿಕೊಂಡ. ಜೋಡಿಸಿದ್ದು ದೊಡ್ಡ ಮಾತುಗಳೇ. ಇಡೀ ಮುರೊಗಾ ಮನೆತನ, ಸಾಲಾಗಿ ಕಪ್ಪು ಕಿಮೊನೊಗಳು, ಎಲ್ಲ ಎದೆಗಳ ಮೇಲೆ ಎಡಗರಿ ಮೇಲಾದ ಗುರುತು, ನಡುವೆ ತಾನು ಮಂಡಿಯೂರಿ ಕೂತದ್ದು. ಸಮಾಧಿಯ ಮುಂದೆ ಇದ್ದವರು ಒಂಬತ್ತು ಜನ. ಸಾಚಿಯೊ ಒಬ್ಬಳನ್ನು ಬಿಟ್ಟು ಎಲ್ಲರೂ ಅಂಗಡಿಯಲ್ಲಿ ಕೊಂಡ ಕಪ್ಪು ಸೂಟು, ಕಪ್ಪು ಫ್ರಾಕು. ಅವರ ಮೈಮೇಲೆ ಒಂದೇ ಒಂದು ಗುರುತು ಇರಲಿಲ್ಲ. ದೊಡ್ಡಮನೆಯ ಈಗಿನ ಯಜಮಾನ, ಹಿಸಾನೊಳ ಗಂಡನ ಅಣ್ಣನ ಮಗ, ಟೈ ಸಡಿಲಿಸಿಕೊಂಡು ಗಡಿಯಾರ ನೋಡುತ್ತಿದ್ದ. ಕೋಕಿಚಿ ಹೇಳಿದ. ಅಚ್ಚು, ಕಾಗದ, ಬೆರಳು, ಎಲ್ಲ. ಬೆಳಿಗ್ಗೆ ಜೋಡಿಸಿದ ಮಾತು ಒಂದೂ ಬರಲಿಲ್ಲ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ ಹೇಳಿದ. ಯಜಮಾನ ಪೂರ್ತಿ ಕೇಳಿಸಿಕೊಂಡು ಮರ್ಯಾದೆಯಿಂದ, “ಎಡ ಬಲ ಅಂತ ಬೇರೆ ಇರುತ್ತಾ ಇದರಲ್ಲಿ?” ಎಂದು ಕೇಳಿ ಸಮಾಧಿಯ ಕಲ್ಲಿನ ಕಡೆ ತಿರುಗಿದ. ಆ ಕಲ್ಲಿನ ಮೇಲಿನ ಗುರುತನ್ನು ಅವನು ಇವತ್ತೇ ಮೊದಲು ನೋಡುತ್ತಿದ್ದಾನೆ ಎಂದು ತಿಳಿಯಿತು. “ನಾವೆಲ್ಲ ಅದನ್ನ ಹೂವು ಅಂದ್ಕೊಂಡಿದ್ವಿ,” ಎಂದ.

ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕಿ ಕೈಯೆತ್ತಿದಳು. ಸಾಚಿಯೊಳ ಸೋದರತ್ತೆ ಯೊನೆ, ತೊಂಬತ್ತಕ್ಕೆ ಎರಡು ಕಡಿಮೆ. ಅಂದು ಶವದ ಮುಂದೆ ಆ ಮಾತು ಆಡಿದವಳು. ಅವಳಿಗೆ ಕೇಳಿಸಿತ್ತು. “ನೀನ್ಯಾರಪ್ಪ, ಗುರುತು ಬರೆಯೋನಾ? ಇಷ್ಟಕ್ಕೋಸ್ಕರ ಬಸ್ಸು ಹತ್ತಿ ಬಂದ್ಯಾ?” ಎಂದಳು. “ನನ್ನ ತಮ್ಮನಿಗೆ ನಾನು ಬೇರೆ ಹುಡುಗೀನ ನೋಡಿಟ್ಟಿದ್ದೆ. ಅವನು ಇವಳನ್ನ ಕಟ್ಕೊಂಡ. ಅವಳು ಸರಿಯಾದ ಗರಿ ಹಾಕ್ಕೊಂಡು ಬಂದಿದ್ರೆ ನಾನು ಸೊಂಟದ ಓಬಿಪಟ್ಟಿ ಕಟ್ಟಿದ್ದು ಸರಿಯಿಲ್ಲ ಅಂತಿದ್ದೆ. ಅದೂ ಸರಿ ಇದ್ದಿದ್ರೆ ಅಳ್ತಾ ಇರೋದು ಸಾಲ್ದು ಅಂತಿದ್ದೆ. ಗರಿ ಅಂತೆ.” ಅವಳು ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. “ಸಾಚಿಯೊ, ಇಲ್ಲಿ ತಿರುಗು. ಬಟ್ಟೆ ಚೆನ್ನಾಗಿದೆ. ನಿಮ್ಮಮ್ಮ ಅಂದು ಅಳ್ಲಿಲ್ಲ, ಗೊತ್ತಾ? ನೆಟ್ಟಗೆ ಕೂತಿದ್ಲು. ಅದೇ ನನಗೆ ಉರಿದಿದ್ದು.” ಯಾರೋ ಅವಳ ಕುರ್ಚಿಯನ್ನು ನೆರಳಿಗೆ ತಳ್ಳಿದರು.

ಕೋಕಿಚಿಗೆ ಒಂದು ಕ್ಷಣ ಹಗುರವಾಯಿತು. ಹಾಗಾದರೆ ತನ್ನ ಗೆರೆಯಿಂದ ಏನೂ ಆಗಿರಲಿಲ್ಲ. ತಾನು ಸರಿಯಾಗಿ ಬರೆದಿದ್ದರೂ ಹಿಸಾನೊ ಎಲ್ಲರೂ ಬಂದುಹೋದ ಮಾರನೇ ದಿನವೇ ಹೂವು ತರುತ್ತಿದ್ದಳು. ಮರುಕ್ಷಣವೇ ಆ ಹಗುರ ಅವನಿಗೆ ಹೇಸಿಗೆ ತಂದಿತು. ಈ ಮನೆಯವರು ಮಾಡಿದ್ದು ಈ ಮನೆಯವರದು. ಅದರಲ್ಲಿ ಅವನಿಗೆ ಪಾಲಿಲ್ಲದಿರಬಹುದು, ಅದನ್ನು ತನ್ನದೆಂದು ಇಷ್ಟು ವರ್ಷ ಹೊತ್ತದ್ದೂ ಒಂದು ಥರ ಜಂಭವೇ ಇರಬಹುದು. ಆದರೆ ಅಂಗಡಿಯ ಹೊಸ್ತಿಲಲ್ಲಿ ಆಕೆ ಬಗ್ಗಿದ್ದಳಲ್ಲ, ಅದು ಬೇರೆ ಯಾರದೂ ಅಲ್ಲ. ಅದನ್ನು ಅವನು ಇಟ್ಟುಕೊಂಡಿದ್ದ. ಯೊನೆ ಏನು ಹೇಳಿದರೂ ಅದು ಅವನ ಹತ್ತಿರವೇ ಉಳಿಯುತ್ತದೆ.

ಕಲ್ಲಿನ ಕೆಲಸದವನು ಸಮಾಧಿಯ ಬಾಯಿಯ ಚಪ್ಪಡಿ ಸರಿಸಿದ. ಸಾಚಿಯೊ ಬಿಳಿ ಬಟ್ಟೆಯಿಂದ ಅಸ್ಥಿಯ ಜಾಡಿ ಹೊರತೆಗೆದು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಬೆನ್ನಿನ ಮೇಲೆ, ಕತ್ತಿನ ಕೆಳಗೆ, ಬಲಗರಿ ಮೇಲಾದ ಗುರುತು. ಅದನ್ನು ನೋಡುತ್ತ ಕೋಕಿಚಿ ಮುಂದೆ ಬಂದ. ಅವಳು ತಿರುಗಿದಳು. ಜಾಡಿಯನ್ನು ಇಳಿಸಲಿಲ್ಲ, ಅವನ ಎದುರಿಗೆ ಹಿಡಿದು ನಿಂತಳು. “ತಪ್ಪು ನಂದು. ತೊಂದರೆ ಕೊಟ್ಟೆ, ಕ್ಷಮಿಸಿ,” ಎಂದು ಅವನು ಬಗ್ಗಿದ. ಕತ್ತು ಮೊದಲು, ಆಮೇಲೆ ಬೆನ್ನು. ಅಂದು ಆಕೆ ಬಗ್ಗಿದಷ್ಟು ಬಗ್ಗಬೇಕೆಂದು ಇನ್ನೂ ಸ್ವಲ್ಪ ಬಗ್ಗಿದ, ಅಲ್ಲಿಗೆ ಸೊಂಟ ಹಿಡಿದುಕೊಂಡಿತು. ಏಳಲಾಗಲಿಲ್ಲ. ಯಜಮಾನ ಕೆಮ್ಮಿದ, ಯಾರೋ ಮಳೆ ಬರಬಹುದು ಎಂದರು. ಸಾಚಿಯೊ ಅವನನ್ನು ಎಬ್ಬಿಸಲು ಕೈ ಕೊಡಲಿಲ್ಲ, ಕೊಡಲು ಕೈ ಖಾಲಿಯಿರಲೂ ಇಲ್ಲ. ಆದರೆ ಕಲ್ಲಿನವನು ಜಾಡಿಗೆ ಕೈ ಚಾಚಿದಾಗ ತಡೆದಳು. “ಇರಿ. ಅವರು ಏಳಲಿ,” ಎಂದು ಹೇಳಿ, ತಾಯಿಯನ್ನು ಎದೆಗೊತ್ತಿಕೊಂಡು, ಅವನು ತಾನಾಗಿ ಏಳುವವರೆಗೆ ಕಾದಳು.